ಡೈನೋದಲ್ಲಿ ಸದ್ದೇ ಇಲ್ಲ, ಟ್ರ್ಯಾಕ್‌ನಲ್ಲಿ ಮೂರನೇ ಗೇರಿಗೆ ಬಿದ್ದ ಕೂಡಲೇ ನಾಕಿಂಗ್

ಮೂರನೇ_ಗೇರು

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಈ ನಾಕಿಂಗ್ (ಸಿಲಿಂಡರ್ ಒಳಗೆ ಪೆಟ್ರೋಲ್ ಮಿಶ್ರಣ ತಾನಾಗೇ ಹೊತ್ತಿಕೊಂಡು ಬಡಿಯೋದು) ಒಂದರ ಹಿಂದೆ ಬಿದ್ದು ನಿದ್ದೆ ಕೆಟ್ಟಿದೆ. ಗೊತ್ತಿರೋರು ದಾರಿ ತೋರಿಸಿ.

ಇಂಜಿನ್ 1.8 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ. ಬೋರ್ 81, ಸ್ಟ್ರೋಕ್ 87 ಮಿ.ಮೀ., ಕಂಪ್ರೆಷನ್ 11:1. ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಹೊರಗಿನದು, ಅದರ ಮ್ಯಾಪ್, ಅಂದ್ರೆ ಯಾವ ವೇಗಕ್ಕೆ ಎಷ್ಟು ಮುಂಚೆ ಸ್ಪಾರ್ಕ್ ಅನ್ನೋ ಪಟ್ಟಿ, ನಾನೇ ಬರೆದದ್ದು. ಫುಲ್ ಥ್ರಾಟಲ್‌ನಲ್ಲಿ 5,000 ಆರ್‌ಪಿಎಂಗೆ 24 ಡಿಗ್ರಿ, 6,000ಕ್ಕೆ 27, 7,000ಕ್ಕೆ 30 ಅಡ್ವಾನ್ಸ್ (ಪಿಸ್ಟನ್ ತುದಿ ಮುಟ್ಟೋಕೆ ಎಷ್ಟು ಡಿಗ್ರಿ ಮುಂಚೆ ಸ್ಪಾರ್ಕ್) ಇಟ್ಟಿದ್ದೀನಿ. ಟಾರ್ಕ್ ಪೀಕ್ 4,900ರ ಆಸುಪಾಸು. ಡೈನೋದಲ್ಲಿ (ಗಾಡಿಯನ್ನ ನಿಂತಲ್ಲೇ ಓಡಿಸಿ ಪವರ್ ಅಳೆಯೋ ಯಂತ್ರ) ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಇನ್ನೂ 2 ಡಿಗ್ರಿ ಜಾಸ್ತಿ ಕೊಟ್ಟು ನೋಡಿದ್ದೆ, ಆಗ ಮಾತ್ರ ನಾಕ್ ಶುರುವಾಗಿತ್ತು. ಅಂದ್ರೆ 2 ಡಿಗ್ರಿ ಮಾರ್ಜಿನ್ ಇದೆ ಅಂತ ನೆಮ್ಮದಿಯಾಗಿದ್ದೆ.

ಟ್ರ್ಯಾಕ್‌ಗೆ ಹೋದ ದಿನ ಫ್ಲಾಟ್ ಶಿಫ್ಟ್ ಆನ್ ಮಾಡಿದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯೋದಿಲ್ಲ. ಕ್ಲಚ್ ಒತ್ತಿದ ತಕ್ಷಣ ಇಸಿಯು ಸ್ಪಾರ್ಕ್ ಕಟ್ ಮಾಡುತ್ತೆ, ಬಿಟ್ಟ ತಕ್ಷಣ ಮತ್ತೆ ಕೊಡುತ್ತೆ. ಎರಡರಿಂದ ಮೂರಕ್ಕೆ 6,900ರಲ್ಲಿ ಹಾಕಿದೆ. ಕ್ಲಚ್ ಹಿಡಿದ ಮರುಕ್ಷಣ ಡಬ್ಬಿಯೊಳಗೆ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ನಾಲ್ಕೈದು ಸಲ ಟಿಣಕ್ ಟಿಣಕ್, ಆಮೇಲೆ ಸದ್ದಿಲ್ಲ. ಅಲ್ಲಿಂದ 6,900ರ ತನಕ ಎಳೆದರೂ ಏನೂ ಇಲ್ಲ. ಮುಂದಿನ ಲ್ಯಾಪ್, ಅದೇ ಕಥೆ. ನಿಧಾನಕ್ಕೆ ಗೇರ್ ಹಾಕಿದರೆ ಬರೋದೇ ಇಲ್ಲ.

ಇಡೀ ಮ್ಯಾಪ್‌ನಿಂದ 3 ಡಿಗ್ರಿ ಕೆಳಗಿಳಿಸಿಬಿಡ್ಲಾ?

ಆಕ್ಟೇನ್_ಭಕ್ತ

ಇಳಿಸಿಬಿಡಿ ಸರ್, 3 ಡಿಗ್ರಿಗೆ ಏನೂ ಆಗಲ್ಲ. ಇಲ್ಲಾಂದ್ರೆ ಜಾಸ್ತಿ ಆಕ್ಟೇನ್ ಪೆಟ್ರೋಲ್ ಹಾಕಿ, ಪವರ್ರೂ ಸಿಗುತ್ತೆ, ತಲೆನೋವೂ ಇರಲ್ಲ. ಪಿಸ್ಟನ್‌ಗಿಂತ ದೊಡ್ಡದು ಯಾವುದೂ ಇಲ್ಲ.

ಲಾಗ್_ಓದುಗ

ನೆಗಡಿ ಬಂತು ಅಂತ ಮೂಗು ಕೊಯ್ಯೋ ವೈದ್ಯ ಇದು. ತೊಂದರೆ ಇರೋದು ಗೇರ್ ಬಿದ್ದ ಮೇಲಿನ ಕಾಲು ಸೆಕೆಂಡಿನಲ್ಲಿ. ಅದಕ್ಕೋಸ್ಕರ ಉಳಿದ ಇಡೀ ಲ್ಯಾಪ್‌ನ ಟಾರ್ಕ್ ಯಾಕೆ ಬಿಟ್ಟುಕೊಡಬೇಕು? ಆಕ್ಟೇನ್ ಜಾಸ್ತಿ ಇದ್ರೆ ಪವರ್ ಸಿಗುತ್ತೆ ಅನ್ನೋದೂ ಅರ್ಧ ಸತ್ಯ. ಆಕ್ಟೇನ್ ಅಂದ್ರೆ ತಾನಾಗೇ ಹೊತ್ತಿಕೊಳ್ಳದೆ ತಡೆಯೋ ಶಕ್ತಿ, ಅಷ್ಟೇ. ಆ ಜಾಗ ಬಳಸಿಕೊಂಡು ನೀವು ಟೈಮಿಂಗ್ ಮುಂದಕ್ಕೆ ಕೊಟ್ರೆ ಮಾತ್ರ ಪವರ್ ಬರುತ್ತೆ. ಇವರು ಕೊಡೋದಿಲ್ಲ, ಹಾಗಾಗಿ ಬರೀ ಮಾರ್ಜಿನ್ ಸಿಗುತ್ತೆ. ಬೇಡ ಅನ್ನಲ್ಲ, ಆದರೆ ಕಾರಣ ಗೊತ್ತಾಗದೆ ಹೋಗುತ್ತೆ.

@ಮೂರನೇ_ಗೇರು, ಉತ್ತರಕ್ಕೆ ಮುಂಚೆ ಮೂರು ಪ್ರಶ್ನೆ. ಅದು ನಿಜವಾಗಲೂ ನಾಕೇನಾ, ಗೇರ್‌ಬಾಕ್ಸ್ ಸದ್ದಲ್ಲ ತಾನೆ? ಪ್ಲಗ್ ಬಿಚ್ಚಿ ನೋಡಿದ್ರಾ? ಇಸಿಯು ಆರ್‌ಪಿಎಂ ಕಾಲಂ ಅಲ್ಲದೆ ಕ್ರ್ಯಾಂಕ್ ಹಲ್ಲುಗಳ ನೇರ ಲಾಗ್ ಏನಾದ್ರೂ ಇದೆಯಾ?

ಚೈನು_ಸ್ಪ್ರಾಕೆಟ್

ಮೊದಲನೇ ಪ್ರಶ್ನೆಯನ್ನ ಹಗುರವಾಗಿ ತಗೋಬೇಡಿ. ನನ್ನ ಅನುಭವ ಹೇಳ್ತೀನಿ.

ನನ್ನದು ಬೈಕ್, ಕ್ವಿಕ್‌ಶಿಫ್ಟರ್ (ಕ್ಲಚ್ ಒತ್ತದೆ ಗೇರ್ ಹಾಕೋ ಸಾಧನ) ಇದೆ. ಕಟ್ 65 ಮಿಲಿಸೆಕೆಂಡ್. ಪ್ರತಿ ಶಿಫ್ಟ್‌ನಲ್ಲೂ ನಾಕ್ ಸೆನ್ಸರ್ ಕಿರುಚಿಕೊಳ್ಳೋದು, ಇಸಿಯು 4 ಡಿಗ್ರಿ ಹಿಂದೆಗೆಯೋದು, ಆ 4 ಡಿಗ್ರಿ ವಾಪಸ್ ಬರೋಕೆ ಆರೇಳು ಸೆಕೆಂಡ್ ತಗೊಳ್ಳೋದು. ಅಷ್ಟರಲ್ಲಿ ಮುಂದಿನ ಶಿಫ್ಟ್. ಅಂದ್ರೆ ಇಡೀ ದಿನ 4 ಡಿಗ್ರಿ ಕಮ್ಮಿಯಲ್ಲೇ ಓಡಿಸ್ತಾ ಇದ್ದೆ. ಟೈಮಿಂಗ್ ಇಳಿಸಿದೆ, ಪೆಟ್ರೋಲ್ ಬದಲಿಸಿದೆ, ಇಂಜೆಕ್ಟರ್ ತೊಳೆಸಿದೆ. ಕೊನೆಗೆ ನೋಡಿದ್ರೆ ಚೈನ್ ಸಡಿಲ. ಕಟ್ ಮುಗಿದು ಟಾರ್ಕ್ ವಾಪಸ್ ಬರುವಾಗ ಗೇರಿನ ಡಾಗ್‌ಗಳೂ ಚೈನೂ ಒಂದೇ ಸಲ ಬಿಗಿಯಾಗಿ ಇಡೀ ಕೇಸ್ ಡಂಗ್ ಅಂತಿತ್ತು. ಸೆನ್ಸರ್‌ಗೆ ಕಣ್ಣಿಲ್ಲ, ಅದಕ್ಕೆ ಅದೂ ನಾಕೇ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಅಪ್ಪಟ ಅದೇ ಕೆಲಸ ಮಾಡಿದ್ದೆ.

ಚೈನ್ ಬಿಗಿ ಮಾಡಿ, ಸೆನ್ಸರ್ ಕೇಳೋ ಕಿಟಕಿಯನ್ನ ಟಿಡಿಸಿ (ಪಿಸ್ಟನ್ ತೀರಾ ಮೇಲಿರೋ ಬಿಂದು) ದಾಟಿ 10ರಿಂದ 55 ಡಿಗ್ರಿಗೆ ಕಿರಿದು ಮಾಡಿದೆ. ಅಲ್ಲಿಗೆ ಮುಗೀತು.

ಮೂರನೇ_ಗೇರು

ಲಾಗ್_ಓದುಗ ಸರ್, ನಿನ್ನೆ ಮತ್ತೆ ಹೋಗಿದ್ದೆ. ಬ್ಲಾಕ್ ಮೇಲೆ 2 ಮತ್ತು 3ನೇ ಸಿಲಿಂಡರ್ ನಡುವೆ ತಾಮ್ರದ ಪೈಪ್ ಚಪ್ಪಟೆ ಮಾಡಿ ಬೋಲ್ಟ್‌ಗೆ ಬಿಗಿದು, ಇನ್ನೊಂದು ತುದಿಗೆ ಮೈಕ್ ಸಿಕ್ಕಿಸಿ ರೆಕಾರ್ಡ್ ಮಾಡಿದೆ. ಸದ್ದಿನ ಫೈಲ್ ಬಿಡಿಸಿ ನೋಡಿದ್ರೆ ಕ್ಲಚ್ ಹಿಡಿದಾಗ ಒಂದು ದಪ್ಪ ಧಡ್, ಅದು ಗೇರ್‌ಬಾಕ್ಸ್. ಅದಾದ ಮೇಲೆ ತೆಳ್ಳಗೆ ಐದು ಮೊನೆ, ಐದೂ 7 ಕಿಲೋಹರ್ಟ್ಸ್ ಹತ್ತಿರ.

ಪ್ಲಗ್ ಬಿಚ್ಚಿದೆ. 3ನೇದರ ಬಿಳಿ ಪಿಂಗಾಣಿ ಮೇಲೆ ಭೂತಗನ್ನಡಿ ಹಿಡಿದ್ರೆ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ, ಮಧ್ಯೆ ಎರಡು ಹೊಳೀತಾ ಇವೆ. ಹೊಳೆಯೋದು ಅಲ್ಯೂಮಿನಿಯಂ ಅಂತ ಓದಿದ ನೆನಪು. ಅದು ನೋಡಿ ಹೊಟ್ಟೆ ತೊಳೆಸಿದ ಹಾಗಾಯ್ತು.

ಹಲ್ಲಿನ ಲಾಗ್ ಇದೆ, ಲಗತ್ತಿಸಿದ್ದೀನಿ. ಟ್ರಿಗರ್ ವೀಲ್ (ಕ್ರ್ಯಾಂಕ್ ಜೊತೆ ತಿರುಗೋ ಹಲ್ಲಿನ ಚಕ್ರ) 60-2, ಅಂದ್ರೆ 60 ಹಲ್ಲಿನ ಜಾಗ, ಅದರಲ್ಲಿ ಎರಡು ಖಾಲಿ.

ಲಾಗ್_ಓದುಗ

ಸರಿ, ಇದು ನಾಕೇ. 81 ಮಿ.ಮೀ. ಬೋರಿನೊಳಗೆ ಒತ್ತಡದ ಅಲೆ ಆ ಗೋಡೆಗೂ ಈ ಗೋಡೆಗೂ ಬಡಿದಾಡಿದ್ರೆ ಮೊದಲ ಸ್ವರ 7 ಕಿಲೋಹರ್ಟ್ಸ್ ಸುತ್ತಮುತ್ತಲೇ ಬರಬೇಕು. ಬೋರ್ ದೊಡ್ಡದಾದಷ್ಟು ಸ್ವರ ಇಳಿಯುತ್ತೆ. ಹೊಳೆಯೋ ಚುಕ್ಕೆ ಪಿಸ್ಟನ್‌ದೇ. ಕಾರಣ ಸಿಗೋ ತನಕ ಫ್ಲಾಟ್ ಶಿಫ್ಟ್ ಆಫ್ ಮಾಡಿಡಿ, ದಯವಿಟ್ಟು.

ಈಗ ಲಾಗ್‌ಗೆ ಬರೋಣ. ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಈ ತಪ್ಪು ನಾನೂ ಮಾಡಿದ್ದೆ.

ಡೈನೋದಲ್ಲಿ ನೀವು 5,000 ಆರ್‌ಪಿಎಂಗೆ ಬಂದದ್ದು ಹೇಗೆ? 2,500ರಿಂದ ಮೇಲೆ ಏರ್ತಾ. ಅಷ್ಟು ಹೊತ್ತಿಗೆ ಇಂಜಿನ್ ಫುಲ್ ಲೋಡ್‌ನಲ್ಲಿ ಎರಡು ಮೂರು ಸೆಕೆಂಡ್ ಇತ್ತು ಅಷ್ಟೇ. ಎಕ್ಸಾಸ್ಟ್ ವಾಲ್ವ್, ಪ್ಲಗ್ ತುದಿ, ಪಿಸ್ಟನ್ ತಲೆ ಇನ್ನೂ ಕಾದಿಲ್ಲ. ಟ್ರ್ಯಾಕ್‌ನಲ್ಲಿ ಅದೇ 5,000ಕ್ಕೆ ಬಂದದ್ದು 6,900ರಿಂದ ಕೆಳಗೆ ಬಿದ್ದು. ಅದಕ್ಕೂ ಮುಂಚೆ ಮೊದಲ ಗೇರು, ಎರಡನೇ ಗೇರು ಎಲ್ಲ ಉಜ್ಜಿಕೊಂಡು ಬಂದಿದ್ದೀರಿ. ಮ್ಯಾಪ್‌ನಲ್ಲಿ ಎರಡೂ ಒಂದೇ ಚೌಕ. ಸಿಲಿಂಡರ್ ಒಳಗೆ ಎರಡೂ ಬೇರೆ ಬೇರೆ ಲೋಕ. ಮೇಲಿಂದ ಇಳಿದು ಬಂದ ಚೌಕವನ್ನ ನೀವು ಡೈನೋದಲ್ಲಿ ಒಂದು ಸಲವೂ ಮುಟ್ಟಿಲ್ಲ.

ಸಮಯದ ಲೆಕ್ಕ ನೋಡಿ. ನಿಮ್ಮ ಎರಡನೇ ಗೇರ್ 1.90, ಮೂರನೇದು 1.36 ಅಂತ ಹಿಂದೊಮ್ಮೆ ಬರೆದಿದ್ರಿ. 6,900ರಲ್ಲಿ ಬದಲಿಸಿದ್ರೆ ಬೀಳೋದು 4,940ಕ್ಕೆ. 6,900ರಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ತಿರುಗೋಕೆ 24 ಮೈಕ್ರೊಸೆಕೆಂಡ್, 4,940ರಲ್ಲಿ 34. ಜ್ವಾಲೆ ಇನ್ನೂ ತಲುಪದ ಮೂಲೆಯ ಮಿಶ್ರಣಕ್ಕೆ ತಾನಾಗೇ ಹೊತ್ತಿಕೊಳ್ಳೋಕೆ ಶೇ. 40ರಷ್ಟು ಜಾಸ್ತಿ ಪುರುಸೊತ್ತು ಸಿಕ್ತು. ಬಿಸಿಯೂ ಜಾಸ್ತಿ, ಪುರುಸೊತ್ತೂ ಜಾಸ್ತಿ, ಬಿದ್ದ ಜಾಗ ನೋಡಿದ್ರೆ ಟಾರ್ಕ್ ಪೀಕ್, ಅಂದ್ರೆ ಸಿಲಿಂಡರ್ ಅತಿ ಹೆಚ್ಚು ತುಂಬೋ ಜಾಗ. ನಾಕ್ ಬರದೆ ಇನ್ನೇನು ಬರುತ್ತೆ?

ಆದರೆ ನಿಮ್ಮ ಲಾಗ್‌ನಲ್ಲಿ ಇದಕ್ಕಿಂತ ಮಜಾ ಇರೋದು ಇನ್ನೊಂದಿದೆ. ಕ್ಲಚ್ ಒತ್ತಿದ ಕ್ಷಣ ಸೊನ್ನೆ ಅಂತಿಟ್ಕೊಳ್ಳಿ. 170 ಮಿಲಿಸೆಕೆಂಡಿಗೆ ಕ್ಲಚ್ ಪೆಡಲ್ ಸ್ವಿಚ್ ಬಿಡುಗಡೆ, ಕಟ್ ಮುಗೀತು, ಸ್ಪಾರ್ಕ್ ವಾಪಸ್. ಆದ್ರೆ ಆಗಿನ್ನೂ ಕ್ಲಚ್ ಪೂರ್ತಿ ಹಿಡಿದಿಲ್ಲ. 170ರಿಂದ 260ರ ಒಳಗೆ ಕ್ರ್ಯಾಂಕ್ ಅನ್ನ ಗೇರ್‌ಬಾಕ್ಸ್ ಎಳೆದು 4,950ಕ್ಕೆ ತಂದು ನಿಲ್ಲಿಸಿದೆ. ಈಗ 260ರ ಸಾಲನ್ನ ಎರಡೂ ಫೈಲ್‌ನಲ್ಲಿ ತೆಗೆದು ಪಕ್ಕ ಪಕ್ಕ ಇಡಿ. ಹಲ್ಲಿನ ಲಾಗ್ ಪ್ರಕಾರ ನಿಜವಾದ ವೇಗ 4,950. ಇಸಿಯು ಕಾಲಂನಲ್ಲಿ ಇರೋದು 5,700!

ನಿಮ್ಮ ಆರ್‌ಪಿಎಂ ಫಿಲ್ಟರ್ (ವೇಗದ ಅಂಕಿ ಕುಣಿಯದ ಹಾಗೆ ಸರಾಸರಿ ಮಾಡೋದು) ಎಷ್ಟಕ್ಕೆ ಇಟ್ಟಿದ್ದೀರಿ? ಐಡಲ್ ಕುಣಿಯುತ್ತೆ ಅಂತ ಜಾಸ್ತಿ ಮಾಡಿರ್ತೀರಿ, ಪಂಥ ಕಟ್ತೀನಿ. ಆ ಫಿಲ್ಟರ್‌ನಿಂದ ಇಸಿಯು 35 ಮಿಲಿಸೆಕೆಂಡ್ ಹಿಂದಿನ ಕಾಲದಲ್ಲಿ ಬದುಕ್ತಾ ಇದೆ. 4,950ಕ್ಕೆ 23.9 ಡಿಗ್ರಿ ಕೊಡಬೇಕಾದ ಜಾಗದಲ್ಲಿ 5,700 ಅಂದ್ಕೊಂಡು 26.1 ಕೊಟ್ಟಿದೆ. 2 ಡಿಗ್ರಿ ಮಾರ್ಜಿನ್ ಇತ್ತು ಅಂದ್ರಲ್ಲ, ಅದನ್ನ ಈ ಫಿಲ್ಟರ್ರೇ ನುಂಗಿ ನೀರು ಕುಡಿದಿದೆ. ಅದೂ ಇಂಜಿನ್ ಅತಿ ಬಿಸಿ ಇರೋ ಹೊತ್ತಲ್ಲಿ.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಫಿಲ್ಟರ್ ಇಳಿಸಿ, ಮ್ಯಾಪ್ ಮುಟ್ಟಬೇಡಿ. ಪರೀಕ್ಷೆ ಮಾಡಿ. ಇನ್ನೂ ಸದ್ದು ಉಳಿದ್ರೆ ಶಿಫ್ಟ್ ಆದ ಮೇಲಿನ ರಿಟಾರ್ಡ್ ಹಾಕಿ: ಕಟ್ ಮುಗಿದ ಕ್ಷಣದಿಂದ 3 ಅಥವಾ 4 ಡಿಗ್ರಿ ಹಿಂದಕ್ಕೆ, 400 ಮಿಲಿಸೆಕೆಂಡ್‌ನಲ್ಲಿ ನಿಧಾನಕ್ಕೆ ಸೊನ್ನೆಗೆ ಬರೋ ಹಾಗೆ. ಎರಡನ್ನೂ ಒಟ್ಟಿಗೆ ಮಾಡಬೇಡಿ, ಯಾವುದು ಕೆಲಸ ಮಾಡ್ತು ಅಂತ ಗೊತ್ತಾಗಲ್ಲ.

ಇನ್ನೊಂದು ಮಾತು. ಟೈಮಿಂಗ್ ಲೈಟ್ (ಸ್ಪಾರ್ಕ್ ಬಿದ್ದಾಗೆಲ್ಲ ಮಿನುಗೋ ದೀಪ) ಹಿಡಿದು ಪರೀಕ್ಷೆ ಮಾಡಿದ್ದೀರಾ? ಇಸಿಯುನಲ್ಲಿ 15 ಡಿಗ್ರಿಗೆ ಲಾಕ್ ಮಾಡಿ, ಪುಲ್ಲಿ ಗುರುತು 15ರಲ್ಲೇ ಇದೆಯಾ, 4,000ಕ್ಕೆ ಏರಿಸಿದಾಗಲೂ ಅಲ್ಲೇ ನಿಲ್ಲುತ್ತಾ ನೋಡಿ. ಅದು ಸರಿ ಇಲ್ಲದೆ ಮೇಲಿನ ಲೆಕ್ಕವೆಲ್ಲ ನೀರಲ್ಲಿ ಹೋಮ.

ಹಳೇ_ಪಾಯಿಂಟ್ಸ್

ನಿಮ್ಮ ಫಿಲ್ಟರ್ ಕಥೆ ಓದಿ ನಗು ಬಂತಪ್ಪ. ಇದು ನಮ್ಮ ಕಾಲದಲ್ಲೂ ಇತ್ತು, ಹೆಸರು ಬೇರೆ.

ಡಿಸ್ಟ್ರಿಬ್ಯೂಟರ್ ಒಳಗೆ ಎರಡು ತೂಕದ ಗುಂಡು, ಎರಡು ಸ್ಪ್ರಿಂಗ್. ವೇಗ ಏರಿದ ಹಾಗೆ ಗುಂಡು ಹೊರಗೆ ಅರಳಿ ಟೈಮಿಂಗ್ ಮುಂದೂಡುತ್ತೆ. ವೇಗ ಬಿದ್ದಾಗ ಸ್ಪ್ರಿಂಗ್ ಅದನ್ನ ಒಳಗೆ ಎಳ್ಕೊಳ್ಳಬೇಕು. ಪಿವೋಟ್‌ನಲ್ಲಿ ಹಳೇ ಗ್ರೀಸ್ ಗಟ್ಟಿಯಾಗಿದ್ರೆ ಗುಂಡು ಹೊರಗೇ ನಿಲ್ಲುತ್ತೆ. ಇಂಜಿನ್ ಕೆಳಗೆ ಬಂದಿದೆ, ಅಡ್ವಾನ್ಸ್ ಮಾತ್ರ ಮೇಲೇ ಇದೆ. ಮೇಲಿನ ಗೇರಿಗೆ ಹಾಕಿದ ಕೂಡಲೇ ಪಿಂಗ್ ಪಿಂಗ್. ವ್ಯಾಕ್ಯೂಮ್ ಡಬ್ಬಿಯದ್ದೂ ಅದೇ ಹಾಡು. ಥ್ರಾಟಲ್ ತೆರೆದಾಗ ವ್ಯಾಕ್ಯೂಮ್ ಬಿದ್ದು ಪ್ಲೇಟ್ ಹಿಂದೆ ಸರೀಬೇಕು, ಪ್ಲೇಟ್ ಅಂಟಿಕೊಂಡಿದ್ರೆ ಹಳೇ ಜಾಗದಲ್ಲೇ ಒಂದು ಗಳಿಗೆ ಕೂತಿರುತ್ತೆ.

ನನ್ನ ಹಳೇ ಗಾಡಿಗೂ ಎರಡು ತಿಂಗಳಿಂದ ಇದೇ ಕಾಯಿಲೆ. ಬಿಚ್ಚೋದಕ್ಕೆ ಸೋಮಾರಿತನ. ನಿಮ್ಮ ಮಾತು ಓದಿ ಈ ಭಾನುವಾರ ಬಿಚ್ಚೋ ಮನಸ್ಸಾಗ್ತಿದೆ.

ನಾಲ್ಕು_ಹಲ್ಲು

ಒಂದು ತಕರಾರು. ಲಾಗ್_ಓದುಗ ಫಿಲ್ಟರ್ ಮೇಲೆ ಎಲ್ಲ ತಪ್ಪು ಹೊರಿಸ್ತಾ ಇದ್ದಾರೆ. ವೇಗ ಬೀಳುವಾಗ ಇಸಿಯು ಸ್ಪಾರ್ಕ್ ಕೊಡೋ ಜಾಗವೇ ತಪ್ಪಾಗಬಹುದಲ್ಲ? ಅದು ಹಿಂದಿನ ಸುತ್ತಿನ ವೇಗ ನೋಡಿ ಮುಂದಿನದನ್ನ ಊಹೆ ಮಾಡೋದು.

ಲಾಗ್_ಓದುಗ

ಒಳ್ಳೇ ತಕರಾರು. ಹಲ್ಲು ಎಷ್ಟಿದೆ ಅನ್ನೋದರ ಮೇಲೆ ಉತ್ತರ.

ಸುತ್ತಿಗೆ ಒಂದೇ ಸಿಗ್ನಲ್ ಇರೋ ಹಳೇ ಸೆಟಪ್ ತಗೊಳ್ಳಿ. ಆರ್‌ಪಿಎಂ ಸೆಕೆಂಡಿಗೆ 20,000ದ ದರದಲ್ಲಿ ಬೀಳ್ತಿದೆ, ಈ ಕ್ಷಣ 6,000 ಇದೆ ಅನ್ನಿ. ಒಂದು ಸುತ್ತಿಗೆ 10 ಮಿಲಿಸೆಕೆಂಡ್, ಅಷ್ಟರಲ್ಲೇ 200 ಆರ್‌ಪಿಎಂ ಹೋಯ್ತು. ಇಸಿಯು ಹಿಂದಿನ ಸುತ್ತಿನ ಸರಾಸರಿ 6,100 ಹಿಡ್ಕೊಂಡು 330 ಡಿಗ್ರಿ ಮುಂದಿನ ಸ್ಪಾರ್ಕ್‌ಗೆ ಟೈಮರ್ ಹಾಕುತ್ತೆ. ಕ್ರ್ಯಾಂಕ್ ಅಷ್ಟರಲ್ಲಿ ನಿಧಾನವಾಗಿ ಸುಮಾರು 320 ಡಿಗ್ರಿಯಷ್ಟೇ ತಿರುಗಿರುತ್ತೆ. ಟೈಮರ್ ಮುಗೀತು, ಸ್ಪಾರ್ಕ್ ಬಿತ್ತು, 10 ಡಿಗ್ರಿ ಮುಂಚೆ! ಟೇಬಲ್‌ನಲ್ಲಿ 24, ಸಿಲಿಂಡರ್‌ನಲ್ಲಿ 34. ಲಾಗ್ ನೋಡಿದ್ರೆ 24 ಅಂತಲೇ ಬರೆದಿರುತ್ತೆ, ಯಾಕಂದ್ರೆ ಇಸಿಯುಗೇ ಗೊತ್ತಿಲ್ಲ.

60-2 ವೀಲ್‌ನಲ್ಲಿ ಹಲ್ಲಿಂದ ಹಲ್ಲಿಗೆ 6 ಡಿಗ್ರಿ. ಸ್ಪಾರ್ಕ್‌ಗೆ ಹತ್ತಿರದ ಹಲ್ಲಿನಿಂದ ಎಣಿಸಿದ್ರೆ ತಪ್ಪು ಡಿಗ್ರಿಯ ಹತ್ತನೇ ಒಂದು ಭಾಗವೂ ಇರಲ್ಲ. ಹಾಗಾಗಿ ಇವರ ಗಾಡಿಯಲ್ಲಿ ಇದು ಕಾರಣ ಅಲ್ಲ. ನಿಮ್ಮ ಹೆಸರು ನೋಡಿದ್ರೆ ನಿಮ್ಮದು ನಾಲ್ಕು ಹಲ್ಲಿನ ವೀಲ್ ಅಂತ ಅನುಮಾನ. ನಿಮ್ಮ ಗಾಡಿಯಲ್ಲಿ ಇರಬಹುದು, ಹಲ್ಲು ಬದಲಿಸಿ.

ನಾಲ್ಕು_ಹಲ್ಲು

ಸಿಕ್ಕಿಬಿದ್ದೆ. ನಾಲ್ಕೇ.

ಬೂಸ್ಟ್_ಬಂಡಿ

ಟರ್ಬೊ ಕಡೆಯಿಂದ ಎರಡು ಮಾತು, ಇವರಿಗೆ ನೇರವಾಗಿ ಅನ್ವಯಿಸದಿದ್ರೂ.

ಒಂದು, ಸ್ಪಾರ್ಕ್ ಕಟ್ ಆದ ಮೇಲಿನ ಮೊದಲ ಉರಿ ಬೇರೆ ಥರ ಇರುತ್ತೆ. ಮಾಮೂಲಿ ಸೈಕಲ್‌ನಲ್ಲಿ ಹಿಂದಿನ ಸುತ್ತಿನ ಸುಟ್ಟ ಹೊಗೆ ಸ್ವಲ್ಪ ಒಳಗೇ ಉಳಿದು ಮುಂದಿನ ಉರಿಯನ್ನ ನಿಧಾನ ಮಾಡುತ್ತೆ. ಕಟ್‌ನಲ್ಲಿ ಸುಟ್ಟೇ ಇಲ್ಲ, ಉಳಿಯೋದು ಹಸಿ ಮಿಶ್ರಣ. ಅದರಿಂದ ಮೊದಲ ಸೈಕಲ್ ಚುರುಕಾಗಿ ಉರಿಯುತ್ತೆ. ಟೈಮಿಂಗ್ ನಂಬರ್ ಅದೇ ಇದ್ರೂ ಒತ್ತಡದ ಶಿಖರ ಬೇಗ ಬರುತ್ತೆ. ಶಿಖರ ಟಿಡಿಸಿ ದಾಟಿ 15 ಡಿಗ್ರಿ ಹತ್ತಿರ ಬಂದ್ರೆ ಚೆಂದ, ಅದಕ್ಕಿಂತ ಮುಂಚೆ ಬಂದಷ್ಟೂ ಮೂಲೆಯ ಮಿಶ್ರಣ ಹಿಂಡಿಹೋಗುತ್ತೆ. ಟರ್ಬೊದಲ್ಲಿ ಥ್ರಾಟಲ್ ತೆರೆದೇ ಇರೋದ್ರಿಂದ ಶಿಫ್ಟ್ ಹೊತ್ತಲ್ಲಿ ಬೂಸ್ಟ್ ಬೇರೆ ಚಿಮ್ಮುತ್ತೆ, ಅಲ್ಲಿಗೆ ಗ್ರಹಚಾರ ಪೂರ್ತಿ.

ಕಟ್ ಇಂಧನದ್ದಾದ್ರೆ ಉಲ್ಟಾ ತೊಂದರೆ. ಪೋರ್ಟ್ ಗೋಡೆಗೆ ಅಂಟಿದ ಪೆಟ್ರೋಲ್ ಪದರ ಒಣಗಿಹೋಗಿ, ಇಂಜೆಕ್ಟರ್ ಶುರುವಾದಾಗ ಮೊದಲ ಕೆಲವು ಸೈಕಲ್‌ಗೆ ಅರ್ಧ ಪೆಟ್ರೋಲ್ ಗೋಡೆಯೇ ಕುಡಿಯುತ್ತೆ. ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತದ ಅಳತೆ, ಏರಿದಷ್ಟು ಪೆಟ್ರೋಲ್ ಕಮ್ಮಿ) 0.87 ಕೇಳಿದ್ರೆ ಸಿಗೋದು 0.97. ಸೆನ್ಸರ್ ಎಕ್ಸಾಸ್ಟ್‌ನಲ್ಲಿ ಕೆಳಗೆ ಕೂತಿರೋದು, ಅದಕ್ಕೆ ಸುದ್ದಿ ಮುಟ್ಟೋ ಹೊತ್ತಿಗೆ ಮದುವೆ ಮುಗಿದಿರುತ್ತೆ.

ಎರಡು, ರಿಟಾರ್ಡ್ ಪುಕ್ಕಟೆ ಅಲ್ಲ. ತಡವಾಗಿ ಹೊತ್ತಿಸಿದ್ರೆ ಉರಿ ಎಕ್ಸಾಸ್ಟ್ ವಾಲ್ವ್ ತೆರೆಯೋ ತನಕ ನಡೀತಿರುತ್ತೆ, ಆ ಬಿಸಿ ಎಲ್ಲ ವಾಲ್ವ್, ಟರ್ಬೊ, ಕ್ಯಾಟಲಿಟಿಕ್ ಮೇಲೆ. 400 ಮಿಲಿಸೆಕೆಂಡ್‌ಗೆ 4 ಡಿಗ್ರಿ ಅಂದ್ರೆ ಚಿಂತೆ ಇಲ್ಲ. ಭಯಕ್ಕೆ ಇಡೀ ಮ್ಯಾಪ್‌ನಿಂದ 10 ತೆಗೆದು ದಿನವಿಡೀ ಓಡಿಸೋರನ್ನ ನೋಡಿದ್ದೀನಿ, ನಾಕ್‌ನಿಂದ ಉಳಿದ ಇಂಜಿನ್‌ನ ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಯ್ತು.

ಆಕ್ಟೇನ್_ಭಕ್ತ

ಎಲ್ಲರೂ ಸೇರಿ ಪೆಟ್ರೋಲನ್ನ ಮೂಲೆಗೆ ಕೂರಿಸಿಬಿಟ್ರಿ. ಮಿಡ್‌ಗ್ಲಿ ಮತ್ತು ಬಾಯ್ಡ್ 1921ರಲ್ಲಿ ಟೆಟ್ರಾಈಥೈಲ್ ಸೀಸ ಪತ್ತೆ ಮಾಡಿದ್ದೇ ಈ ಸದ್ದು ನಿಲ್ಲಿಸೋಕೆ. ಅಷ್ಟು ಗಂಭೀರ ವಿಷಯ ಇದು.

ಲಾಗ್_ಓದುಗ

ಗಂಭೀರವೇ ಸ್ವಾಮಿ. ಆ ಸೀಸ ಆಮೇಲೆ ಗಾಳಿಗೆ ಮಾಡಿದ್ದೂ ಅಷ್ಟೇ ಗಂಭೀರ, ಅದು ಬಿಡಿ. ನಿಮ್ಮ ಪರವಾಗಿ ಒಂದು ಅಂಶ ಹೇಳ್ತೀನಿ. ಪಂಪ್ ಮೇಲೆ ನೋಡೋ ನಂಬರ್ ಅನೇಕ ಕಡೆ ರಾನ್, ಅಂದ್ರೆ ರಿಸರ್ಚ್ ಆಕ್ಟೇನ್. ಅದನ್ನ ಅಳೆಯೋದು ಪರೀಕ್ಷಾ ಇಂಜಿನ್‌ನಲ್ಲಿ 600 ಆರ್‌ಪಿಎಂನಲ್ಲಿ. ಇನ್ನೊಂದು ಮಾನ್, ಅಂದ್ರೆ ಮೋಟಾರ್ ಆಕ್ಟೇನ್, 900 ಆರ್‌ಪಿಎಂ, ಮಿಶ್ರಣವನ್ನ 149 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅಳೆಯೋದು. ಹಾಗಾಗಿ ಒಂದೇ ರಾನ್ ಇರೋ ಎರಡು ಪೆಟ್ರೋಲ್ ತಣ್ಣಗಿದ್ದಾಗ ಒಂದೇ ಥರ ಇದ್ದು, ಒಳಗೆಲ್ಲ ಕಾದಾಗ ಬೇರೆ ಬೇರೆ ಥರ ಆಡಬಹುದು. ಇವರು ಫಿಲ್ಟರ್ ಸರಿ ಮಾಡಿ ನೋಡಲಿ, ಆಮೇಲೆ ನಿಮ್ಮ ಪೆಟ್ರೋಲ್‌ಗೆ ಬರೋಣ.

ಮೂರನೇ_ಗೇರು

ವರದಿ ಒಪ್ಪಿಸ್ತೀನಿ. ಉದ್ದ ಇದೆ, ಕ್ಷಮಿಸಿ.

ಮೊದಲು ಟೈಮಿಂಗ್ ಲೈಟ್. 15ಕ್ಕೆ ಲಾಕ್ ಮಾಡಿದೆ. ಐಡಲ್‌ನಲ್ಲಿ 15, 4,000ದಲ್ಲಿ 14 ಚಿಲ್ಲರೆ. ಕೂದಲೆಳೆ ಹಿಂದೆ ಸರೀತು, ಅಪಾಯದ ಕಡೆಗಲ್ಲ, ಹಾಗೇ ಬಿಟ್ಟೆ.

ಆರ್‌ಪಿಎಂ ಫಿಲ್ಟರ್. ಲಾಗ್_ಓದುಗ ಸರ್ ಪಂಥ ಗೆದ್ರು. ಹೋದ ವರ್ಷ ಐಡಲ್ ಕುಣೀತಿದೆ ಅಂತ ನಾನೇ ಏರಿಸಿದ್ದೆ, ಮರೆತೇ ಹೋಗಿತ್ತು. ಆಗ ಕುಣಿಯೋಕೆ ಕಾರಣ ಇನ್‌ಟೇಕ್ ಗ್ಯಾಸ್ಕೆಟ್ ಸೋರಿಕೆ, ಅದನ್ನ ಆಮೇಲೆ ಸರಿ ಮಾಡಿದ್ದೆ, ಫಿಲ್ಟರ್ ಮಾತ್ರ ಹಾಗೇ ಉಳೀತು. ಈಗ ಕನಿಷ್ಠಕ್ಕೆ ಇಳಿಸಿದೆ. ಐಡಲ್ ಕಲ್ಲಿನ ಹಾಗೆ ನಿಂತಿದೆ.

ಟ್ರ್ಯಾಕ್‌ಗೆ ಹೋಗಿ ಮೈಕ್ ಕಟ್ಟಿ ಹತ್ತು ಶಿಫ್ಟ್ ಮಾಡಿದೆ. ಒಂದೊಂದಕ್ಕೆ ಐದು ಮೊನೆ ಬರ್ತಿದ್ದ ಕಡೆ ಏಳು ಶಿಫ್ಟ್‌ನಲ್ಲಿ ಏನೂ ಇಲ್ಲ, ಮೂರರಲ್ಲಿ ಒಂದೊಂದು ಮೊನೆ. ಆ ಮೂರೂ ಕೊನೆಯ ಲ್ಯಾಪ್‌ನವು, ಇನ್‌ಟೇಕ್ ಗಾಳಿ 52 ಡಿಗ್ರಿ ತೋರಿಸ್ತಿದ್ದಾಗ.

ಮ್ಯಾಪ್ ಇನ್ನೂ ಮುಟ್ಟಿರಲಿಲ್ಲ. ಊಟದ ಹೊತ್ತಲ್ಲಿ ಲ್ಯಾಪ್‌ಟಾಪ್ ತೆಗೆದು ಶಿಫ್ಟ್ ರಿಟಾರ್ಡ್ ಹಾಕಿದೆ. 3 ಡಿಗ್ರಿ, 400 ಮಿಲಿಸೆಕೆಂಡ್. ಮಧ್ಯಾಹ್ನ ಮತ್ತೆ ಹನ್ನೆರಡು ಶಿಫ್ಟ್, ಬಿಸಿಲು ಇನ್ನೂ ಜೋರು. ಒಂದೂ ಇಲ್ಲ. ಸೀಟಿಗೆ ಗೊತ್ತಾಗೋಷ್ಟು ಎಳೆತ ಕಮ್ಮಿ ಆಗಿಲ್ಲ.

ಒಂದು ತಪ್ಪೂ ಮಾಡಿದೆ. ಧೈರ್ಯ ಬಂದು ರಿಟಾರ್ಡ್ ಅನ್ನ 8 ಡಿಗ್ರಿ, 1 ಸೆಕೆಂಡ್ ಮಾಡಿ ನೋಡಿದೆ, ಇನ್ನೂ ಸೇಫ್ ಇರಲಿ ಅಂತ. ಮೂರನೇ ಗೇರಿಗೆ ಬಿದ್ದ ಮೇಲೆ ಗಾಡಿ ಯಾರೋ ಹಿಂದಿನಿಂದ ಹಿಡ್ಕೊಂಡ ಹಾಗೆ ಮುಗ್ಗರಿಸ್ತು, ಆಮೇಲೆ ಒಮ್ಮೆಲೇ ಬಿಟ್ಟ ಹಾಗೆ ನುಗ್ಗಿತು. ತಿರುವಿನಲ್ಲಿ ಹಾಗಾಗಿದ್ರೆ ಹಿಂದಿನ ಚಕ್ರ ಜಾರ್ತಿತ್ತು. ವಾಪಸ್ 3ಕ್ಕೆ ತಂದೆ.

ಲಾಗ್_ಓದುಗ

ಚೆನ್ನಾಗಿ ಮಾಡಿದ್ರಿ. ಒಂದೇ ಒಂದು ಸೇರಿಸಿ: ಆ 3 ಡಿಗ್ರಿಯನ್ನ ಗಾಳಿಯ ಬಿಸಿಗೆ ಕಟ್ಟಿಹಾಕಿ. 35 ಡಿಗ್ರಿ ಸೆಲ್ಸಿಯಸ್ ಒಳಗೆ 1 ಸಾಕು, 50 ದಾಟಿದ್ರೆ 3. ನಿಮ್ಮ ಇಸಿಯುನಲ್ಲಿ ಅದಕ್ಕೆ ಟೇಬಲ್ ಇದೆ. ಮತ್ತೆ ಕಟ್ ಮುಗಿಸೋದನ್ನ ಸ್ವಿಚ್ ಈಗಿರೋ ಜಾಗಕ್ಕೆ ಬಿಡಬೇಡಿ. ಸ್ವಿಚ್ ಅನ್ನ ಪೆಡಲ್‌ನ ಹಾದಿಯಲ್ಲಿ ಇನ್ನಷ್ಟು ಮೇಲೆ, ಕ್ಲಚ್ ಹಿಡಿಯೋ ಬಿಂದುವಿನ ಹತ್ತಿರ ತನ್ನಿ. ಇಂಜಿನ್ ವೇಗ ಇಳೀತಿರುವಾಗ ಸ್ಪಾರ್ಕ್ ಕೊಡೋದೇ ಬೇಡ, ಇಳಿದು ನಿಂತ ಮೇಲೆ ಕೊಟ್ರಾಯ್ತು.

ಹೊಸ_ಲೈಸೆನ್ಸ್

ದಡ್ಡ ಪ್ರಶ್ನೆ ಅನ್ನಿಸಿದ್ರೆ ಬೈಬೇಡಿ. ನಂದು ಕಂಪನಿಯಿಂದ ಬಂದ ಹಾಗೇ ಇರೋ ಮಾಮೂಲಿ ಕಾರು. ಬೇಗ ಬೇಗ ಗೇರ್ ಹಾಕಿದ್ರೆ ಇದೂ ಹಾಳಾಗುತ್ತಾ?

ಬೂಸ್ಟ್_ಬಂಡಿ

ಇಲ್ಲಮ್ಮಾ/ಇಲ್ಲಪ್ಪಾ, ಯಾರಾದ್ರೂ ಸರಿ. ಕಂಪನಿ ಇಸಿಯುನಲ್ಲಿ ನಾಕ್ ಸೆನ್ಸರ್ ಇರುತ್ತೆ, ಶಿಫ್ಟ್, ಥ್ರಾಟಲ್ ಒದ್ದಾಗ, ಬಿಸಿ ಗಾಳಿ, ಎಲ್ಲಕ್ಕೂ ತಿದ್ದುಪಡಿ ಬರೆದಿರ್ತಾರೆ. ಬೇಗ ಗೇರ್ ಹಾಕೋದು ತೊಂದರೆ ಅಲ್ಲ, ಬೇಗನೇ ಮೇಲಿನ ಗೇರಿಗೆ ಹಾಕಿ 1,300 ಆರ್‌ಪಿಎಂನಲ್ಲಿ ಪೂರ್ತಿ ಒದೆಯೋದು ತೊಂದರೆ. ಅದರಲ್ಲೂ ಚಿಕ್ಕ ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಇಂಜಿನ್ ಆದ್ರೆ, ಸ್ಪಾರ್ಕ್‌ಗೂ ಮುಂಚೆ ತಾನೇ ಹೊತ್ತಿಕೊಳ್ಳೋ ಕಾಯಿಲೆ ಇದೆ. ಅದು ಈ ನಾಕ್ ಅಲ್ಲ. ಸ್ಪಾರ್ಕ್ ಬರೋ ಮುಂಚೆ ಉರಿ ಶುರುವಾಗಿರೋದ್ರಿಂದ ಟೈಮಿಂಗ್ ಹಿಂದಕ್ಕೆ ಎಳೆದು ಏನೂ ಪ್ರಯೋಜನ ಇಲ್ಲ. ಕೆಳಗಿನ ಗೇರ್ ಹಾಕಿ ಒದೀರಿ, ಆಯಿಲ್ ಮ್ಯಾನ್ಯುವಲ್‌ನಲ್ಲಿ ಹೇಳಿದ್ದನ್ನೇ ಹಾಕಿ.

ಚೈನು_ಸ್ಪ್ರಾಕೆಟ್

ಮೂರನೇ_ಗೇರು ಅವ್ರೇ, ಆ ಹೊಳೆಯೋ ಚುಕ್ಕೆ ಕಥೆ ಏನಾಯ್ತು? ಪಿಸ್ಟನ್ ಪರವಾಗಿಲ್ವಾ?

ಮೂರನೇ_ಗೇರು

ಪ್ಲಗ್ ತೂತಿನಿಂದ ಕ್ಯಾಮೆರಾ ಇಳಿಸಿ ನೋಡಿದೆ. 3ನೇ ಪಿಸ್ಟನ್ ಅಂಚಿನಲ್ಲಿ, ಎಕ್ಸಾಸ್ಟ್ ಕಡೆ, ಉಗುರಿನಷ್ಟು ಜಾಗ ಮರಳು ಕಾಗದದಲ್ಲಿ ಉಜ್ಜಿದ ಹಾಗೆ ಒರಟಾಗಿದೆ. ಲೀಕ್‌ಡೌನ್ (ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತೆ ಅಂತ ನೋಡೋ ಪರೀಕ್ಷೆ) ಮಾಡಿದೆ, ನಾಲ್ಕೂ ಶೇ. 6ರಿಂದ 8ರ ಒಳಗೆ. ರಿಂಗ್ ಲ್ಯಾಂಡ್ (ಪಿಸ್ಟನ್ ರಿಂಗ್ ನಡುವಿನ ಅಂಚು) ಮುರಿದಿಲ್ಲ ಅಂತ ಅರ್ಥ. ಹೊಸ ಪ್ಲಗ್ ಹಾಕಿ ಇಪ್ಪತ್ತು ಲ್ಯಾಪ್ ಓಡಿಸಿ ಬಿಚ್ಚಿದೆ. ಪಿಂಗಾಣಿ ಬಿಳಿ, ಚುಕ್ಕೆ ಇಲ್ಲ.

ಸ್ವಿಚ್ ಜಾಗ ಬದಲಿಸಿದ್ದೀನಿ. ಕಟ್ ಈಗ 225 ಮಿಲಿಸೆಕೆಂಡಿಗೆ ಮುಗೀತಿದೆ, ಆಗ ನಿಜವಾದ ವೇಗ 5,100 ಚಿಲ್ಲರೆ, ಇಸಿಯು ಕಾಲಂನಲ್ಲೂ ಹೆಚ್ಚುಕಮ್ಮಿ ಅಷ್ಟೇ. ಬಿಸಿ ಗಾಳಿ ಟೇಬಲ್ ಇನ್ನೂ ಬರೀಬೇಕು. 3ರಿಂದ 4ಕ್ಕೆ ಹಾಕುವಾಗ ಬೀಳೋ ಜಾಗ 5,200ರ ಮೇಲೆ, ಅಲ್ಲಿ ಮೊದಲಿಂದಲೂ ಸದ್ದಿಲ್ಲ, ಹಾಗಾಗಿ ಆ ಗೇರಿಗೆ ರಿಟಾರ್ಡ್ ಸೊನ್ನೆ ಮಾಡಿದ್ದೀನಿ.

ಹಳೇ_ಪಾಯಿಂಟ್ಸ್

ನಮ್ಮ ಭಾನುವಾರದ ಸಮಾಚಾರ. ಡಿಸ್ಟ್ರಿಬ್ಯೂಟರ್ ಬಿಚ್ಚಿದೆ. ಗುಂಡು ಎರಡೂ ಸಲೀಸಾಗಿ ಆಡ್ತಾ ಇದ್ವು, ಗ್ರೀಸೂ ಮೆತ್ತಗೇ ಇತ್ತು. ಸ್ಪ್ರಿಂಗ್ ಮಾತ್ರ ಒಂದೇ ಇತ್ತು. ಇನ್ನೊಂದು ತುಂಡಾಗಿ ಕೆಳಗಿನ ಬೌಲ್‌ನಲ್ಲಿ, ಎಷ್ಟು ಕಾಲದಿಂದಲೋ, ಎಣ್ಣೆಯಲ್ಲಿ ಮಲಗಿತ್ತು.